ಮೀಟರ್ ರೀಡರನ ಮಗನ ಬಿ.ಪಿ.

ವಿಚಾರಣೆ ಮುಗಿದು, ತಪ್ಪೇನೂ ಇಲ್ಲ ಎಂಬ ಆದೇಶ ಕೈಸೇರಿದ ಮೂರನೆಯ ದಿನ, ಕ್ಷೌರದಂಗಡಿಯ ಕುರ್ಚಿಯಲ್ಲಿ ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು ಕೂತಿದ್ದಾಗ, ಬಸ್ ಡ್ರೈವರಿಗೆ ತಾನು ಸಾಯುತ್ತಿದ್ದೇನೆ ಅನ್ನಿಸಿತು. ಎದೆ ಬಿಗಿಯಿತು. ಎಡಗೈ ಬೆರಳುಗಳು ಜುಮ್ಮೆಂದವು. ಎಷ್ಟು ಎಳೆದರೂ ಉಸಿರು ಪೂರ್ತಿ ಒಳಗೆ ಹೋಗಲಿಲ್ಲ. ಅರ್ಧ ಕೂದಲು ಕತ್ತರಿಸಿದ ತಲೆಯಲ್ಲೇ ಎದ್ದು ಹೊರಗೆ ಬಂದು ಫುಟ್‌ಪಾತಿನ ಮೇಲೆ ಕೂತ.

ಕ್ಷೌರಿಕ ಬಾಚಣಿಗೆ ಹಿಡಿದುಕೊಂಡೇ ಹಿಂದೆ ಬಂದ. "ನಾನಿನ್ನೂ ಕತ್ತಿ ಮುಟ್ಟಿರಲಿಲ್ಲ, ಬರೀ ಕತ್ತರಿ," ಎಂದು ಹಾದುಹೋಗುವವರಿಗೆಲ್ಲ ಹೇಳಿದ.

ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದರು, ರಕ್ತ ನೋಡಿದರು, ಥೈರಾಯ್ಡನ್ನೂ ಬಿಡಲಿಲ್ಲ. ಎಲ್ಲ ಸರಿಯಿತ್ತು. ಡಾಕ್ಟರು ಚಿಕ್ಕ ವಯಸ್ಸಿನವಳು, ಆತುರವಿಲ್ಲದೆ ಮಾತಾಡಿದಳು. ಒಂಬತ್ತು ತಿಂಗಳು ದೇಹ ಬಿಗಿಹಿಡಿದು ನಿಂತಿತ್ತು, ಈಗ ಬಿಟ್ಟಿದೆ, ಬಿಡುವಾಗ ಹೀಗೆ ನಡುಗುವುದುಂಟು ಎಂದಳು. ಇದು ಆತಂಕದ ಲಕ್ಷಣ, ಹೃದಯದ್ದಲ್ಲ. ಉಸಿರು ಎಳೆಯುವುದಕ್ಕಿಂತ ಬಿಡುವುದನ್ನು ನಿಧಾನ ಮಾಡಿ. ದಿನಾ ನಡೆಯಿರಿ. ಚಹಾ ಎರಡು ಲೋಟಕ್ಕೆ ಇಳಿಸಿ. ಹೆದರಿಕೆ ಬಂದ ಜಾಗದಿಂದ ಓಡಬೇಡಿ. ಗಳಿಗೆಗೊಮ್ಮೆ ನಾಡಿ ಹಿಡಿದು ನೋಡಿಕೊಳ್ಳಬೇಡಿ. ಕೆಲವು ವಾರದಲ್ಲಿ ತಗ್ಗುತ್ತದೆ, ತಗ್ಗದಿದ್ದರೆ ಮತ್ತೆ ಬನ್ನಿ.

ಮನೆಯಲ್ಲಿ ಅಪ್ಪ ಊಟದ ಮೇಜಿನ ಮುಂದೆ ಕಾಯುತ್ತಿದ್ದ. ಮೂವತ್ತನಾಲ್ಕು ವರ್ಷ ವಿದ್ಯುತ್ ಇಲಾಖೆಯಲ್ಲಿ ಮೀಟರ್ ರೀಡರ್ ಆಗಿದ್ದು ನಿವೃತ್ತನಾದವನು. ಬೀದಿಯವರು ಈಗಲೂ ಅವನನ್ನು ಮೀಟರ್ ಎಂದೇ ಕರೆಯುತ್ತಿದ್ದರು, ಅವನಿಗೆ ಅದು ಬಿರುದಿನ ಹಾಗೆ ಕೇಳಿಸುತ್ತಿತ್ತು.

"ಏನಂತೆ?"

"ಆತಂಕವಂತೆ," ಎಂದ ಡ್ರೈವರ್.

"ಅದೊಂದು ಕಾಯಿಲೆಯಾ?"

"ಲಕ್ಷಣ ಅಂದ್ರು."

"ಒಂಬತ್ತು ತಿಂಗಳು ಕೇಸು ನಡೀತು. ಮುದುಕಿ ಫುಟ್‌ಬೋರ್ಡಿಂದ ಜಾರಿ ಬಿದ್ಳು, ಕಂಡಕ್ಟರ್ ಬೆಲ್ ಹೊಡೆಯೋ ಮುಂಚೆ ನೀನು ಗಾಡಿ ಬಿಟ್ಟೆ ಅಂತ ಹೇಳಿದ್ರು. ಅರ್ಧ ಸಂಬಳ. ಹನ್ನೊಂದು ಸಲ ಕಚೇರಿಗೆ ಕರೆಸಿದ್ರು. ಆವಾಗ ಗುಂಡುಕಲ್ಲಿನ ಹಾಗಿದ್ದೆ. ಈಗ ಗೆದ್ದಮೇಲೆ ಬಿದ್ದೆ. ಇಂಥ ಹೇಡಿತನ ನಾನು ಯಾರ ಮನೇಲೂ ನೋಡಿಲ್ಲ. ಎಷ್ಟು ಮನೆ ನೋಡಿದೀನಿ ಗೊತ್ತಾ?"

"ಗೊತ್ತು ಮಾವ. ದಿನಕ್ಕೆ ನೂರಿಪ್ಪತ್ತು," ಎಂದಳು ಸೊಸೆ, ಅನ್ನದ ಪಾತ್ರೆ ಇಡುತ್ತ. ಅವಳು ಪರದೆ ಹೊಲಿಯುವ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಅರ್ಧ ಸಂಬಳದ ಒಂಬತ್ತು ತಿಂಗಳೂ ಮನೆ ನಡೆದದ್ದು ಅವಳ ಹೊಲಿಗೆಯಿಂದ. ಹಾಗಂತ ಗಂಡನ ಮೇಲೆ ಅವಳಿಗೂ ವಿಶೇಷ ಕನಿಕರವಿರಲಿಲ್ಲ. ಅನ್ನ ಬಡಿಸುತ್ತ, "ನನಗೂ ನಡುಗಬೇಕು ಅನ್ನಿಸ್ತಿತ್ತು. ಪುರುಸೊತ್ತಾಗಲಿಲ್ಲ," ಎಂದಳು.

ಡ್ರೈವರ್ ತಟ್ಟೆ ನೋಡಿಕೊಂಡು ಕೂತ. ಮೂರು ತುತ್ತು ತಿಂದು ಎದ್ದ.

ಮರಳಿ ಕೆಲಸಕ್ಕೆ ಸೇರಲು ಡಿಪೋ ಡಾಕ್ಟರರ ಸರ್ಟಿಫಿಕೇಟ್ ಬೇಕಿತ್ತು. ಅಲ್ಲಿ ಬಿ.ಪಿ. ನೂರಾ ಐವತ್ತು, ತೊಂಬತ್ತಾರು ಬಂತು. ಡಿಪೋ ಡಾಕ್ಟರು ಇಪ್ಪತ್ತೆಂಟು ದಿನ ಕಾಲ ಕೊಟ್ಟರು. ದಿನಾ ಬೆಳಿಗ್ಗೆ ಮನೆಯಲ್ಲಿ ಒಂದು ಸಲ, ಒಂದೇ ಸಲ, ಬಿ.ಪಿ. ನೋಡಿ ಬರೆದು ತರಬೇಕು. ಇಳಿದಿದ್ದರೆ ಮೂರು ದಿನ ಇನ್‌ಸ್ಟ್ರಕ್ಟರ್ ಜೊತೆ ಓಡಿಸಿ ಡ್ಯೂಟಿಗೆ ಸೇರಬಹುದು. ಏರಿದ್ದರೆ ಸ್ಟಿಯರಿಂಗ್ ಇಲ್ಲ, ತೊಳೆಯುವ ಶೆಡ್ಡಿನಲ್ಲಿ ಲೈಟ್ ಡ್ಯೂಟಿ. ಶೆಡ್ಡಿಗೆ ಹೋದವರನ್ನು ಡಿಪೋದಲ್ಲಿ ಬಕೆಟ್ ಎನ್ನುತ್ತಿದ್ದರು. ಡ್ರೈವರ್ ಕೂಡ ಹತ್ತೊಂಬತ್ತು ವರ್ಷ ಹಾಗೇ ಅಂದಿದ್ದ. ಬಕೆಟ್ ಆದ ಯಾರೂ ಸ್ಟಿಯರಿಂಗಿಗೆ ವಾಪಸ್ ಬಂದದ್ದನ್ನು ಅವನು ಕಂಡಿರಲಿಲ್ಲ.

ಸೊಸೆ ಬಿ.ಪಿ. ಮಿಷನ್ ತಂದಳು. ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದರೆ ತಾನೇ ಗಾಳಿ ತುಂಬಿಕೊಂಡು, ಬೆಂಕಿಪೊಟ್ಟಣದಷ್ಟು ಕಿಟಕಿಯಲ್ಲಿ ಅಂಕಿ ತೋರಿಸುವಂಥದ್ದು. ಮೊದಲ ಐದು ದಿನ ಮಗಳು ಓದಿ ಬರೆದಳು. ಪಾಲಿಟೆಕ್ನಿಕ್ ಓದುವ ಹುಡುಗಿ, ಹದಿನೆಂಟು ವರ್ಷ. ನೂರಾ ಐವತ್ತು, ನೂರಾ ನಲವತ್ತನಾಲ್ಕು, ನೂರಾ ಐವತ್ತೆರಡು, ನೂರಾ ನಲವತ್ತೊಂದು, ನೂರಾ ನಲವತ್ತಾರು. ಆರನೆಯ ದಿನದಿಂದ ಅವಳ ಪ್ರಾಕ್ಟಿಕಲ್ ಬೆಳಿಗ್ಗೆ ಆರೂವರೆಗೇ ಶುರುವಾಯಿತು. ತಾಯಿ ಆ ಹೊತ್ತಿಗೆ ಒಲೆಯ ಮುಂದೆ.

"ಇಲ್ಲಿ ಕೊಡಿ," ಎಂದ ಮೀಟರ್. "ಓದೋ ಕೆಲಸ ಓದಿದವನಿಗೆ ಬಿಡಿ. ನಾನು ಕಂಡದ್ದನ್ನು ಮಾತ್ರ ಬರೆದವನು."

ಅಂದಿನಿಂದ ಆರೂವರೆಗೆ ಸರಿಯಾಗಿ ಮೇಜಿನ ಮುಂದೆ ಕಚೇರಿ ತೆರೆಯುತ್ತಿತ್ತು. ಎಡಕ್ಕೆ ಗೆರೆ ಹಾಕಿದ ಪುಸ್ತಕ, ಅದರ ಮೇಲೆ ದಿನಕ್ಕೊಂದು ಸಾಲು ಕೆಳಕ್ಕೆ ಸರಿಸುವ ಸ್ಕೇಲು, ಬಲಕ್ಕೆ ಪೆನ್ನು. ಮಿಷನ್ನಿನ ಮುಖ ಮೀಟರಿನ ಕಡೆಗೆ.

"ಎಷ್ಟು ಬಂತು?" ಎಂದು ಮೊದಲ ದಿನ ಡ್ರೈವರ್ ಬಗ್ಗಿದ.

"ಹಿಂದೆ ಸರಿ. ರೀಡಿಂಗ್ ತೆಗೆಯುವಾಗ ಗಿರಾಕಿ ಮೂಗು ತೂರಿಸಬಾರದು. ನೂರಾ ನಲವತ್ತೆಂಟು. ನಿನ್ನೆಗಿಂತ ಜಾಸ್ತಿ."

ಮಾರನೆಯ ದಿನ ನೂರಾ ನಲವತ್ತೊಂಬತ್ತು. ಆಮೇಲೆ ನೂರಾ ಐವತ್ತೊಂದು. ಪ್ರತಿ ಅಂಕಿಯನ್ನೂ ಮೀಟರ್ ಗಟ್ಟಿಯಾಗಿ ಓದಿ ಹೇಳುತ್ತಿದ್ದ, ಬಾಕಿ ಉಳಿಸಿಕೊಂಡವನ ಮನೆ ಬಾಗಿಲಲ್ಲಿ ನಿಂತು ಹೇಳುವ ಹಾಗೆ. ಜೊತೆಗೆ ಒಂದು ಟಿಪ್ಪಣಿ. "ಪಾಯಖಾನೆಗೆ ನಾಲ್ಕು ಸಲ ಹೋಗಿದಾನೆ, ಬರೀಲಾ?" "ಗಂಡಸು ಬೆವರಬೇಕು, ಕೆಲಸ ಮಾಡಿ. ಕೂತು ಬೆವರೋದನ್ನ ಇಲ್ಲೇ ನೋಡಿದ್ದು." ಡ್ರೈವರಿಗೆ ಆರೂಕಾಲಕ್ಕೇ ಎದೆ ಹೊಡೆದುಕೊಳ್ಳಲು ಶುರುವಾಗುತ್ತಿತ್ತು. ಕೊನೆಕೊನೆಗೆ ಪಟ್ಟಿ ಬಿಗಿಯುವಾಗ ಅವನೇ ಕಣ್ಣು ಮುಚ್ಚಿಕೊಳ್ಳುತ್ತಿದ್ದ.

ಆದರೆ ಡಾಕ್ಟರು ಹೇಳಿದ್ದನ್ನು ಅವನು ಬಿಟ್ಟಿರಲಿಲ್ಲ. ಸಂಜೆ ಅಂಗಡಿಯಿಂದ ಬಂದ ಹೆಂಡತಿ ಚೀಲ ಇಟ್ಟು, "ನಡೀರಿ," ಎನ್ನುತ್ತಿದ್ದಳು. ನಡೆಯುವಾಗ ಅವಳಿಗೆ ಮಾತು ಬೇಕಿರಲಿಲ್ಲ. ನಾಲ್ಕು ಹೆಜ್ಜೆಗೆ ಉಸಿರು ಎಳೆದುಕೋ, ಆರು ಹೆಜ್ಜೆಗೆ ಬಿಡು ಎಂದು ತಾನೇ ಲೆಕ್ಕ ಗೊತ್ತುಮಾಡಿದ್ದಳು. ಮೊಳ ಹಾಕಿ ಅಳೆಯುವ ಹೆಂಗಸು, ಹೆಜ್ಜೆ ತಪ್ಪುತ್ತಿರಲಿಲ್ಲ. ಎರಡನೆಯ ವಾರ ಬಸ್ ಹತ್ತಿಸಿದಳು.

"ಒಂದು ಸ್ಟಾಪ್. ಹತ್ತಿ ಇಳಿಯೋದು."

"ನಮ್ಮ ಡಿಪೋ ಗಾಡಿ ಕಣೇ. ಎಲ್ಲರಿಗೂ ನನ್ನ ಗುರುತು."

"ಇರಲಿ. ಬಕೆಟ್ ಹಿಡಿದ ಮೇಲೆ ಇನ್ನೂ ಚೆನ್ನಾಗಿ ಗುರುತು ಹಿಡೀತಾರೆ."

ಕಂಡಕ್ಟರ್ ಹಳೆಯ ಪರಿಚಯದವನು. "ಏನಣ್ಣ, ಒಂದು ಸ್ಟಾಪಿಗೆ ಟಿಕೆಟ್ಟಾ? ಕಾಲು ಅಡವಿಟ್ಟಿದೀಯಾ?" ಎಂದು ಇಡೀ ಬಸ್ಸಿಗೆ ಕೇಳುವಂತೆ ನಕ್ಕ. ಡ್ರೈವರ್ ಕಂಬಿ ಹಿಡಿದು ನಿಂತ. ಬೆರಳು ಜುಮ್ಮೆಂದವು. ಬೆಲ್ ಹೊಡೆಯಿತು. ಆರು ಎಣಿಸುವಷ್ಟು ಹೊತ್ತು ಉಸಿರು ಬಿಟ್ಟ. ಇಳಿದ ಮೇಲೆ ಹೆಂಡತಿ ಕೇಳಿದಳು:

"ಸತ್ರಾ?"

"ಇಲ್ಲ."

"ನಾಳೆ ಎರಡು ಸ್ಟಾಪ್."

ಹದಿನೈದನೆಯ ದಿನ ಅವನು ಒಬ್ಬನೇ ಹೋಗಬೇಕಾಯಿತು. ವಿಚಾರಣೆಯ ಆದೇಶದ ಮೂಲ ಪ್ರತಿಗೆ ಸಹಿ ಹಾಕಲು ಮುಖ್ಯ ಕಚೇರಿ ಕರೆದಿತ್ತು. ಐದು ಗಂಟೆಯ ಮೊದಲ ಬಸ್ಸಿಗೆ ಹೋಗಿ ಸಂಜೆ ಬಂದ. ದಾರಿಯಲ್ಲಿ ಒಂದು ಸಲ ಮಾತ್ರ ಎದೆ ಹೊಡೆದುಕೊಂಡಿತು, ಅದೂ ಇಳಿಯಿತು. ಆ ರಾತ್ರಿ ಎರಡು ಸಲ ಅನ್ನ ಹಾಕಿಸಿಕೊಂಡ.

"ಹಸಿವಾಗ್ತಿದೆ ಅಂದ್ರೆ ವಾಸಿಯಾಗ್ತಿದೆ," ಎಂದಳು ಮಗಳು.

"ಹಸಿವಿಗೂ ಬಿ.ಪಿ.ಗೂ ಏನು ಸಂಬಂಧ?" ಎಂದ ಮೀಟರ್. "ಪುಸ್ತಕದಲ್ಲಿ ಏರ್ತಾನೇ ಇದೆ. ಇಪ್ಪತ್ತೊಂಬತ್ತನೇ ದಿನ ನಾನೇ ಜೊತೇಲಿ ಬಂದು ಡಾಕ್ಟ್ರ ಕೈಗೆ ಕೊಡ್ತೀನಿ. ಮುಚ್ಚುಮರೆ ನನ್ನ ಹತ್ರ ನಡೆಯಲ್ಲ. ಈ ಎದೆ ಇಟ್ಕೊಂಡು ಐವತ್ತು ಜನರನ್ನ ಕೂರಿಸಿಕೊಂಡು ಹೋಗೋದು ಪಾಪ."

ಮಾತಿನಲ್ಲಿ ನ್ಯಾಯವಿತ್ತು. ಅದಕ್ಕೇ ಯಾರೂ ಎದುರಾಡಲಿಲ್ಲ. ಡ್ರೈವರ್ ತಟ್ಟೆಯಲ್ಲಿ ಉಳಿದ ಅನ್ನವನ್ನು ಬೆರಳಿನಿಂದ ಗುಡ್ಡೆ ಮಾಡಿದ, ತಿನ್ನಲಿಲ್ಲ.

ಮೀಟರಿನ ಬಗ್ಗೆ ಮನೆಯವರು ಗಮನಿಸಿಯೂ ಗಮನಿಸದ ಕೆಲವು ಸಂಗತಿಗಳಿದ್ದವು. ಒಂದು ವರ್ಷದಿಂದ ಪೇಪರನ್ನು ಮೊಮ್ಮಗಳ ಕೈಯಲ್ಲಿ ಓದಿಸುತ್ತಿದ್ದ. ಅವಳ ಉಚ್ಚಾರ ಸರಿಹೋಗಲಿ ಎಂದು ಕಾರಣ ಕೊಟ್ಟಿದ್ದ. ನೀರು ಬಗ್ಗಿಸಿಕೊಳ್ಳುವಾಗ ಲೋಟದೊಳಗೆ ಬೆರಳು ಇಳಿಬಿಡುತ್ತಿದ್ದ. ಬೇಯಿಸಿದ ಬೀನ್ಸಿನಲ್ಲಿದ್ದ ಹಸಿಮೆಣಸಿನಕಾಯನ್ನು ಎರಡು ಸಲ ಕಚ್ಚಿ, ಎರಡು ಸಲವೂ ಸೊಸೆಯನ್ನು ಬೈದಿದ್ದ. ಎಲ್ಲರನ್ನೂ ಬೈಯುವವನು ಬೈದರೆ ಕಾರಣ ಹುಡುಕುವ ಶ್ರಮ ಯಾರು ತೆಗೆದುಕೊಳ್ಳುತ್ತಾರೆ?

ಇಪ್ಪತ್ತೆರಡನೆಯ ದಿನ ಸಂಜೆ ಮಗಳು ಪುಸ್ತಕ ತೆಗೆದುಕೊಂಡು ಗ್ರಾಫ್ ಹಾಳೆಯ ಮುಂದೆ ಕೂತಳು. ಡಾಕ್ಟರಿಗೆ ಕೊಡುವುದಾದರೆ ಚೊಕ್ಕವಾಗಿ ಕೊಡೋಣ ಎಂದು ಅವಳ ಆಸೆ. ಹತ್ತು ನಿಮಿಷದ ಮೇಲೆ ಪೆನ್ಸಿಲ್ ಕೆಳಗಿಟ್ಟಳು.

"ಅಮ್ಮ, ಇಲ್ಲಿ ನೋಡು. ನಾನು ಬರೆದ ಐದು ದಿನ ಏರಿದೆ, ಇಳಿದಿದೆ. ಅಜ್ಜ ಬರೆದ ಹದಿನೇಳು ದಿನದಲ್ಲಿ ಒಂದು ಸಲಾನೂ ಇಳಿದಿಲ್ಲ. ಒಂದು, ಎರಡು, ಒಂದು, ಎರಡು ಅಂತ ಮೆಟ್ಟಿಲು ಹತ್ತಿದ ಹಾಗೆ ನೂರಾ ಎಪ್ಪತ್ತೆರಡರ ತನಕ ಹೋಗಿದೆ."

"ನಿಮ್ಮಪ್ಪನ ಯೋಗ್ಯತೆ ಹಾಗಿದೆ," ಎಂದ ಮೀಟರ್ ಕುರ್ಚಿಯಿಂದಲೇ.

"ಹದಿನೈದನೇ ದಿನ ಬೆಳಿಗ್ಗೆ ಆರೂವರೆಗೆ ನೂರಾ ಅರವತ್ತೊಂದು, ನೂರು ಅಂತಿದೆ."

"ಇದ್ದರೆ ಇರತ್ತೆ."

"ಅಪ್ಪ ಅವತ್ತು ಐದು ಗಂಟೆ ಬಸ್ಸಿಗೆ ಹೋಗಿದ್ರು, ಅಜ್ಜ. ತೋಳೇ ಮನೇಲಿರಲಿಲ್ಲ."

ಒಲೆಯ ಮೇಲೆ ಮೊಟ್ಟೆ ಕುದಿಯುತ್ತಿತ್ತು. ಸೊಸೆ ಒಲೆ ಆರಿಸಿ ಬಂದಳು. ಗಂಡನ ತೋಳಿಗೆ ಪಟ್ಟಿ ಸುತ್ತಿದಳು, ಗುಂಡಿ ಒತ್ತಿದಳು. ಮಿಷನ್ ಗುರ್‍ರೆಂದು ಗಾಳಿ ತುಂಬಿ, ಬಿಟ್ಟು, ನಿಂತಿತು. ಅವಳು ಅದನ್ನು ಮಾವನ ಮುಂದಿಟ್ಟಳು.

"ಓದಿ ಮಾವ."

"ಇದು ಹೊತ್ತಲ್ಲ. ರೀಡಿಂಗ್ ಬೆಳಿಗ್ಗೆ."

"ಒಂದೇ ಒಂದು ಓದಿ."

ಮೀಟರ್ ಮಿಷನ್ ಎತ್ತಿ ಮೂಗಿನ ಹತ್ತಿರ ತಂದ, ದೂರ ಹಿಡಿದ, ಓರೆ ಮಾಡಿದ. "ನೂರಾ ಎಪ್ಪತ್ತಮೂರು," ಎಂದ.

ಮಗಳು ಬಗ್ಗಿ ನೋಡಿದಳು. "ನೂರಾ ಮೂವತ್ತಾರು. ಎಂಬತ್ತೆಂಟು."

"ಬೆಳಕು ಸಾಲದು."

ಸೊಸೆ ಎರಡನೆಯ ದೀಪ ಹಾಕಿದಳು. ಹೊಲಿಗೆ ಮಿಷನ್ನಿನ ಮೇಲಿದ್ದ ಟೇಬಲ್ ಲ್ಯಾಂಪನ್ನೂ ತಂದು ಅವನ ಮುಂದೆ ಹಚ್ಚಿಟ್ಟಳು. ಅಷ್ಟು ಬೆಳಕಿನಲ್ಲಿ ಅವನ ಕಣ್ಣಿನ ಗೊಂಬೆಯ ಮೇಲಿನ ಬೂದು ಪೊರೆ ಎಲ್ಲರಿಗೂ ಕಂಡಿತು.

"ಎಷ್ಟು ದಿನದಿಂದ?" ಎಂದು ಕೇಳಿದಳು.

"ಕಾಣತ್ತೆ. ಅಂಚು ಕಾಣತ್ತೆ. ಮನುಷ್ಯರು ಕಾಣ್ತಾರೆ."

"ಅಂಕಿ?"

ಮೀಟರ್ ಪುಸ್ತಕ ಮುಚ್ಚಿದ. "ಏನು ದೊಡ್ಡ ತಪ್ಪಾಯ್ತು ಈಗ? ಮನೆಗೆ ಹೋದಾಗ ಬೀಗ ಹಾಕಿದ್ರೆ ನಾವೇನು ಬಿಲ್ಲು ಬಿಡ್ತಿದ್ವಾ? ಹಿಂದಿನ ಮೂರು ತಿಂಗಳ ಸರಾಸರಿ ನೋಡಿ ಹಾಕ್ತಿದ್ವಿ. ಇಲಾಖೆ ಒಪ್ಪಿದ ಪದ್ಧತಿ ಅದು. ಒಂದು ಬಿಲ್ಲೂ ವಾಪಸ್ ಬರಲಿಲ್ಲ."

"ಮತ್ತೆ ದಿನಾ ಏರಿಸಿದ್ದು ಯಾಕೆ?" ಎಂದಳು ಮೊಮ್ಮಗಳು.

ಅವನು ಅವಳನ್ನು ನಿಜವಾದ ತಾತ್ಸಾರದಿಂದ ನೋಡಿದ, ಅಥವಾ ಅವಳಿದ್ದ ದಿಕ್ಕನ್ನು. "ಪಾಲಿಟೆಕ್ನಿಕ್ ಓದ್ತೀಯ. ಮೀಟರ್ ಯಾವತ್ತಾದ್ರೂ ಹಿಂದಕ್ಕೆ ಓಡತ್ತಾ? ಹಿಂದಿನ ರೀಡಿಂಗಿಗಿಂತ ಕಮ್ಮಿ ಬರೆದ್ರೆ ಮೇಲಿನವರು ಕತ್ತು ಹಿಡೀತಾರೆ."

ಹದಿನಾರು ಬೆಳಿಗ್ಗೆ ಆ ಸುಳ್ಳು ಅಂಕಿಗಳನ್ನು ಕೇಳಿ ನಿಜವಾಗಿ ಬೆವರಿದ ಮನುಷ್ಯ ತೋಳಿಗೆ ಪಟ್ಟಿ ಕಟ್ಟಿಕೊಂಡೇ ಕೂತಿದ್ದ.

"ಕಣ್ಣಿನ ಡಾಕ್ಟ್ರ ಹತ್ರ ಯಾಕೆ ಹೋಗಲಿಲ್ಲ ಅಪ್ಪ?" ಎಂದು ಕೇಳಿದ.

ಮೀಟರ್ ಲೋಟಕ್ಕೆ ಕೈ ಚಾಚಿದ, ಸಿಗಲಿಲ್ಲ. "ಹೋಗಿದ್ದೆ. ಆಪರೇಷನ್ ಅಂದ್ರು. ಕಣ್ಣು ತೆರೆದಿರೋವಾಗಲೇ ಮಾಡ್ತಾರಂತೆ."

"ಅದನ್ನ ನೆನೆಸಿಕೊಂಡ್ರೆ ಎದೆ ಹೊಡ್ಕೊಳತ್ತಾ?"

ಮೀಟರ್ ಮತ್ತೆ ಲೋಟ ತಡಕಿದ.

"ಕೈ ಜುಮ್ಮನ್ನತ್ತಾ?"

"ಅದು ಬೇರೆ," ಎಂದ ಮೀಟರ್.

ಸೊಸೆ ಪುಸ್ತಕ ಬಿಚ್ಚಿ ಪೆನ್ನು ಅವನ ಬೆರಳ ಸಂದಿಗೆ ಇಟ್ಟಳು. ದನಿ ಏರಿಸಲಿಲ್ಲ. "ಬೀಗ ಹಾಕಿದ ಮನೆಗೆ ಪುಸ್ತಕದಲ್ಲಿ ಏನಂತ ಬರೀತಿದ್ರಿ ಮಾವ?"

"ಬಾಗಿಲು ಬೀಗ."

"ಬರೀರಿ. ಹದಿನೇಳು ಸಲ."

"ನಾನ್ಯಾಕೆ? ಅವಳು ಬರೀತಾಳೆ."

"ಅಂಕಿ ಅಕ್ಷರ ಎಲ್ಲ ನಿಮ್ಮದು. ಇವರು ನೂರಾ ಎಪ್ಪತ್ತೆರಡು ತಗೊಂಡು ಹೋಗಿ ಬಕೆಟ್ ಹಿಡಿಯೋ ಹಾಗಿದ್ರೆ, ನಾಳೆಯಿಂದ ನಿಮ್ಮ ತಟ್ಟೆಗೆ ಸರಾಸರಿ ನೋಡಿ ಬಡಿಸ್ತೀನಿ. ಬರೀರಿ."

ಮೊಮ್ಮಗಳು ಪ್ರತಿ ಸಾಲಿನ ಮೇಲೂ ಅವನ ಕೈ ಹಿಡಿದು ಇಟ್ಟಳು. ಅವನು ಪ್ರತಿ ಸುಳ್ಳಿನ ಮೇಲೂ ಗೆರೆ ಎಳೆದು ಪಕ್ಕದಲ್ಲಿ ಬರೆದ. ಅಕ್ಷರ ಗೆರೆ ಬಿಟ್ಟು ಇಳಿದವು. ಬರೆಯುವಷ್ಟು ಹೊತ್ತೂ ಗೊಣಗಿದ. ಮೊಟ್ಟೆ ತಣ್ಣಗಾಗಿತ್ತು, ಎಲ್ಲರೂ ಹಾಗೇ ತಿಂದರು.

ಉಳಿದ ಆರು ದಿನ ಸೊಸೆ ಒಲೆ ಹಚ್ಚುವ ಮೊದಲು ತಾನೇ ರೀಡಿಂಗ್ ತೆಗೆದಳು. ಗಟ್ಟಿಯಾಗಿ ಓದಲಿಲ್ಲ, ಬರೆದು ಪುಸ್ತಕ ಮುಚ್ಚಿದಳು. ಎರಡು ದಿನ ಏರಿತು, ನಾಲ್ಕು ದಿನ ಇಳಿಯಿತು.

ಇಪ್ಪತ್ತೊಂಬತ್ತನೆಯ ದಿನ ಡಿಪೋ ಡಾಕ್ಟರು ಪುಸ್ತಕ ತಿರುಗಿಸಿ ತಿರುಗಿಸಿ ನೋಡಿದರು.

"ಏನ್ರೀ ಇದು, ಬಾಗಿಲು ಬೀಗ?"

"ನಮ್ಮ ತಂದೆ ಮೀಟರ್ ರೀಡರ್ ಆಗಿದ್ರು ಸಾರ್. ರೀಡಿಂಗ್ ಸಿಗದ ಮನೆಗೆ ಹಾಗೆ ಬರೀತಾರೆ."

"ನೀವು ಮನೇಲಿರಲಿಲ್ವಾ?"

"ಇದ್ದೆ ಸಾರ್. ಅವರಿಗೆ ಕಾಣಲಿಲ್ಲ."

ಡಾಕ್ಟರು ತಲೆಯೆತ್ತಿದರು. ಡ್ರೈವರ್ ಸುಳ್ಳು ಸೇರಿಸದೆ ಎಲ್ಲ ಹೇಳಿದ. ಹೊಡೆದು ಹಾಕಿದ ಅಂಕಿ ಕಾಣುವಂತೆಯೇ ಬಿಟ್ಟಿದ್ದೇವೆ ಎಂದ. ಈಗ ಮಾತಾಡುವಾಗಲೂ ಬೆರಳು ಜುಮ್ಮನ್ನುತ್ತಿವೆ ಎಂದೂ ಹೇಳಿದ. ಡಾಕ್ಟರು ಐದು ನಿಮಿಷ ಸುಮ್ಮನೆ ಕೂರಿಸಿ, ಎರಡು ಸಲ ನೋಡಿದರು. ನೂರಾ ನಲವತ್ತು, ಎಂಬತ್ತೆಂಟು. ನೂರಾ ಮೂವತ್ತೆಂಟು, ಎಂಬತ್ತಾರು. ಮೂರು ದಿನ ಇನ್‌ಸ್ಟ್ರಕ್ಟರ್ ಜೊತೆ ಓಡಿಸಲಿ, ತಿಂಗಳಿಗೊಮ್ಮೆ ಬಂದು ತೋರಿಸಲಿ ಎಂದು ಬರೆದರು. "ಪುಸ್ತಕ ಇಲ್ಲೇ ಇರಲಿ," ಎಂದು ಫೈಲಿನಲ್ಲಿಟ್ಟುಕೊಂಡರು.

ಇನ್‌ಸ್ಟ್ರಕ್ಟರ್ ಮೂರು ದಿನವೂ ಬೀಡಿ ವಾಸನೆ ಬಿಡುತ್ತ ಪಕ್ಕದಲ್ಲಿ ಕೂತಿದ್ದ. ಹೊಗಳಲಿಲ್ಲ. ಕೊನೆಯ ದಿನ, "ಬೆಲ್ ಆದ ಮೇಲೂ ಆರು ಎಣಿಸ್ತೀಯಲ್ಲ, ಯಾಕೆ? ಗಾಡಿ ಲೇಟಾಗತ್ತೆ," ಎಂದಷ್ಟೇ ಹೇಳಿ ಸಹಿ ಹಾಕಿದ.

ಮುಂದಿನ ವಾರ ಮೀಟರನ್ನು ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದರು. ಬೆಳಗಿನ ಪಾಳಿ ಮುಗಿಸಿದ ಡ್ರೈವರ್ ಸಮವಸ್ತ್ರದಲ್ಲೇ ಬಂದಿದ್ದ. ಆಪರೇಷನ್ನಿಗೆ ಮುಂಚೆ ನರ್ಸು ಮೀಟರಿನ ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದಳು.

"ನೂರಾ ಎಪ್ಪತ್ತನಾಲ್ಕು," ಎಂದಳು. "ನೂರಾ ಅರವತ್ತರ ಕೆಳಗೆ ಇಳೀದಿದ್ರೆ ಇವತ್ತು ಒಳಗೆ ಬಿಡಲ್ಲ."

"ಸರಿಯಾಗಿ ಓದಿದೆಯಾ?" ಎಂದ ಮೀಟರ್. ಅವನ ಹಣೆ ಒದ್ದೆಯಾಗಿತ್ತು. ಎಡಗೈ ಬೆರಳುಗಳನ್ನು ತೊಡೆಗೆ ಉಜ್ಜಿಕೊಳ್ಳುತ್ತಿದ್ದ.

"ಆಪರೇಷನ್ ಇವತ್ತಾಗದಿದ್ರೆ ಬಿಡಿ," ಎಂದಳು ಸೊಸೆ. "ಸರಾಸರಿ ನೋಡಿ ನಡೆದುಕೊಂಡು ಹೋದ್ರಾಯ್ತು."

ಡ್ರೈವರ್ ಸ್ಟೂಲ್ ಎಳೆದುಕೊಂಡು ಅಪ್ಪನ ಮುಂದೆ ಕೂತ. "ಉಸಿರು ಎಳೀಬೇಡಿ, ಬಿಡಿ. ಆರು ಎಣಿಸೋ ತನಕ."

"ನಿನ್ನ ಹತ್ರ ಉಸಿರಾಡೋದು ಕಲೀಬೇಕಾಯ್ತಲ್ಲ," ಎಂದ ಮೀಟರ್, ಮತ್ತು ಬಿಟ್ಟ. ಮೂರಕ್ಕೇ ಮುಗಿಯಿತು. ಎರಡನೆಯ ಸಲ ನಾಲ್ಕು. ಗೋಡೆಯ ಗಡಿಯಾರದಲ್ಲಿ ಹತ್ತು ನಿಮಿಷ ಕಳೆಯಿತು. ನರ್ಸು ಮತ್ತೆ ಗುಂಡಿ ಒತ್ತಿದಳು.

"ಎಷ್ಟು?" ಎಂದು ಕೇಳಿದ. "ಏರಿತಾ?"

"ಇದು ಮೀಟರ್ ಅಲ್ಲ ಅಪ್ಪ," ಎಂದ ಡ್ರೈವರ್. "ಇಳಿಯತ್ತೆ."

ಮೊಮ್ಮಗಳು ಬಗ್ಗಿ ಅಂಕಿ ನೋಡಿದಳು. ಅಜ್ಜನಿಗೆ ಹೇಳುವ ಮೊದಲು ಹೊಸ ಪುಸ್ತಕದ ಮೊದಲ ಸಾಲಿನಲ್ಲಿ ಬರೆದುಕೊಂಡಳು: ನೂರಾ ಐವತ್ತೆಂಟು.